ಜಡೆಯಮ್ಮ ಹೇಳದ ಮಾತು

ಕೇತಮ್ಮ, ನಾಲ್ಕು ವರ್ಷದ ಹಿಂದೆ ನಿಮ್ಮ ಗುಟ್ಟನ್ನು ನಿಮ್ಮ ಗಂಡನ ಕಿವಿಗೆ ಹಾಕಿದವಳು ಜಡೆಯಮ್ಮ ಅಲ್ಲ. ನಾನು. ಪ್ರತಿ ಶುಕ್ರವಾರ ನೀವು ‘ಅಕ್ಕಾ’ ಎಂದು ಕರೆಯುವ, ಚೆನ್ನೈಯಲ್ಲಿ ಕೂತು ಫೋನಿನಲ್ಲಿ ನಿಮಗೆ ಧೈರ್ಯ ಹೇಳುವ ಇದೇ ನಾನು.

ಚೆನ್ನೈನ ಪೆರುಂಗುಡಿಯ ನಮ್ಮ ಸಹಾಯವಾಣಿ ಆಫೀಸಿನಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. ಮೈಸೂರಿನಿಂದ ಮದುವೆಯಾಗಿ ಬಂದವಳು. ಹಾಗಾಗಿ ಚಾಮರಾಜನಗರದ ಕಡೆಯ ಬೆಟ್ಟದ ಪೋಡುಗಳಿಂದ, ಆ ಕಾಡಿನ ಹಾಡಿಗಳಿಂದ, ಮನೆಯಲ್ಲಿ ಏಟು ತಿನ್ನುವ ಸೋಲಿಗ ಹೆಂಗಸರು ಮಾಡುವ ವಿಡಿಯೋ ಕರೆಗಳೆಲ್ಲ ನನ್ನ ಪಾಲಿಗೆ. ನಿಮ್ಮನ್ನು ನನ್ನ ಹತ್ತಿರ ಮಾತಾಡಲು ಒಪ್ಪಿಸಿದವರು ನಿಮ್ಮ ಪೋಡಿನ ಆಶಾ ಕಾರ್ಯಕರ್ತೆ ಜಡೆಯಮ್ಮ, ನಿಮ್ಮ ಚಿಕ್ಕಂದಿನ ಗೆಳತಿ. ಮನೆಗೆಲ್ಲ ಇದ್ದದ್ದು ಒಂದೇ ಫೋನು, ಅದು ನಿಮ್ಮ ಗಂಡನದು. ಶುಕ್ರವಾರ ಅವರು ಅದನ್ನು ಚಾರ್ಜಿಗೆ ಹಾಕಿ ಕಾಫಿ ತೋಟದ ಕೂಲಿಗೆ ಹೋದಾಗ ನೀವು ಕರೆ ಮಾಡುತ್ತಿದ್ದಿರಿ. ಅದಕ್ಕೇ ನಮಗೊಂದು ಕಟ್ಟುನಿಟ್ಟಿನ ನಿಯಮ—ಕರೆ ಕಡಿದರೆ ನಾವಾಗಿ ತಿರುಗಿ ಮಾಡಬಾರದು, ಒಂದು ವಾರವಾದರೂ ಸರಿ, ಆ ಕಡೆಯಿಂದ ಬರುವ ತನಕ ಕಾಯಬೇಕು. ಹೊಸಬರಿಗೆ ಈ ಪಾಠ ಹೇಳಿಕೊಡುತ್ತಿದ್ದವಳೂ ನಾನೇ, ನೋಡಿ ನನ್ನ ಹಣೆಬರಹ!

ಆ ಶುಕ್ರವಾರ ನೀವು ಮೊದಲ ಸಲ ಬಾಯಿಬಿಟ್ಟಿದ್ದಿರಿ. “ಅವತ್ತು ಅವ್ನು ಒಲೆ ಕೊಳ್ಳಿ ತಕ್ಕಂಡು...” ಎನ್ನುವಷ್ಟರಲ್ಲಿ ಕರೆ ಕಡಿಯಿತು. ಗಂಡ ಬರುವುದನ್ನು ಕಂಡು ನೀವೇ ಕಡಿದು, ಫೋನನ್ನು ಇದ್ದಲ್ಲೇ ಇಟ್ಟು, ಕೊಡ ಹಿಡಿದು ನೀರಿಗೆ ಹೊರಟಿರಂತೆ. ನನಗೇನು ಗೊತ್ತು—ಬೆಟ್ಟದ ನೆಟ್‌ವರ್ಕ್ ಅಂದುಕೊಂಡೆ. ಕರೆ ಅರ್ಧಕ್ಕೆ ನಿಂತರೆ ಸಂಜೆ ಆರರವರೆಗೆ ನಾನು ಕುರ್ಚಿ ಬಿಟ್ಟು ಏಳುವಂತಿಲ್ಲ. ಮಗಳು ಪಲ್ಲಾವರಂ ಸಂತೆಯ ಹತ್ತಿರ ಕಾಯುತ್ತಿದ್ದಳು. “ಅಮ್ಮಾ, ಸೀಕ್ರಂ ವಾ” ಎಂದು ಎರಡು ಸಲ ಫೋನು ಮಾಡಿ ತಮಿಳಿನಲ್ಲಿ ಅವಸರಿಸಿದ್ದಳು. ಬೇಗ ಮುಗಿಸಿ ಹೋಗೋಣ ಅನ್ನಿಸಿತು. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಹೇಳುತ್ತಿದ್ದೆ.

ನನ್ನ ಸ್ವಂತ ಮೊಬೈಲಿನಿಂದಲೇ ತಿರುಗಿ ಕರೆ ಮಾಡಿದೆ. ಎತ್ತಿದ ಸದ್ದಾಯಿತು. ಚಿತ್ರ ಮೂಡುವ ತನಕವೂ ತಡೆಯದ ಈ ಹಾಳು ಬಾಯಿ—“ಹೇಳಿ ಕೇತಮ್ಮ, ಕೊಳ್ಳಿ ತಗೊಂಡು ಏನ್ ಮಾಡ್ದ ಅವ್ನು? ಹೆದರ್ಬೇಡಿ, ನಾನಿದೀನಿ.”

ಚಿತ್ರ ಮೂಡಿತು. ಮೀಸೆ, ಗದ್ದ, ಆಮೇಲೆ ಕಣ್ಣು. “ಯಾರವ್ವ ನೀನು?” ಎಂದರು, ಜೋರಾಗೇನೂ ಅಲ್ಲ. ನಾನು ಕಡಿದುಬಿಟ್ಟೆ.

ಆ ಗಳಿಗೆಯಲ್ಲೇ ಜಡೆಯಮ್ಮನಿಗೆ ಒಂದು ಫೋನು ಮಾಡಬಹುದಿತ್ತು. ನಾಲ್ಕು ಮನೆ ಆಚೆ ಇದ್ದವರು, ಓಡಿ ಬಂದು ನಿಮ್ಮನ್ನು ದಾರಿಯಲ್ಲೇ ತಡೆಯುತ್ತಿದ್ದರು. ನಂಬರು ತೆಗೆದೆ ಕೂಡ. ಮಾಡಿದರೆ ನನ್ನ ತಪ್ಪು ಬಯಲಾಗುತ್ತದಲ್ಲ—ಮಾಡಲಿಲ್ಲ. ‘ನೆಟ್‌ವರ್ಕ್ ಹೋಯಿತು, ತಿರುಗಿ ಕರೆ ಮಾಡಿಲ್ಲ’ ಎಂದು ಬರೆದಿಟ್ಟು ಸಂತೆಗೆ ಹೋದೆ. ಮಗಳಿಗೆ ಮಲ್ಲಿಗೆ ಗಿಡ ಕೊಡಿಸಿದೆ. ಸುಂಡಲ್ ತಿಂದೆ. ಹೌದು, ತಿಂದೆ, ಗಂಟಲಲ್ಲಿ ಇಳಿಯಿತು ಕೂಡ.

ಸೋಮವಾರ ಜಡೆಯಮ್ಮನ ಕರೆ ಬಂತು. “ಮೇಡಂ, ಕೇತಮ್ಮನ ಕೈ ಮುರ್ದಾಕವ್ನೆ. ‘ಪಟ್ಣದೋರ್ಗೆ ದೂರು ಯೋಳ್ತೀಯ’ ಅಂತ ಅಂದವ್ನೆ. ಅವ್ನಿಗೆ ಅದ್ಯಾರು ಯೋಳುದ್ರೋ ಕಾಣೆ.” ಹೇಗೆ ತಿಳಿಯಿತೆಂದು ನಿಮ್ಮ ಗಂಡ ಯಾರಿಗೂ ಹೇಳಲೇ ಇಲ್ಲ. ಆ ಪುಣ್ಯಾತ್ಮ ಹೇಳಿದ್ದರೆ ನನ್ನ ಬಣ್ಣ ಅಂದೇ ಬಯಲಾಗುತ್ತಿತ್ತು.

ಮೀಟಿಂಗ್ ಕರೆದರು. ನಮ್ಮ ಮೇಲಿನವರು ಶಾಂತಿ ಮೇಡಂ “ಯಾರು ಸೊನ್ನದು?” ಎಂದು ಕೇಳಿದರು, ಹೇಳಿದ್ದು ಯಾರು ಅಂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅದನ್ನೂ ಮಾಡದ ಪಳಗಿದ ಕಳ್ಳಿ. “ಚಿಕ್ಕ ಪೋಡು ಮೇಡಂ, ಬಾಯಿ ನಿಲ್ಲಲ್ಲ. ಜಡೆಯಮ್ಮ ಅವನಿಗೆ ದೂರದ ನೆಂಟಳು ಬೇರೆ” ಅಂದೆ. ಯಾರೂ ನನ್ನ ಬಾಯಿಂದ ಎಳೆದು ಹೇಳಿಸಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ, ಅಂದೇ ಜಡೆಯಮ್ಮನನ್ನು ನಮ್ಮ ಕೆಲಸದಿಂದ ಬಿಡಿಸಿದರು. ಕೊನೆಯ ಸಲ ಅವರು ನನಗೆ ಫೋನು ಮಾಡಿದ್ದರು. “ನಾ ಯೋಳಿಲ್ಲ ಮೇಡಂ. ನಿಮ್ಗಾದ್ರೂ ಗೊತ್ತಲ್ವಾ?” ನಾನು—ಸಿಗ್ನಲ್ ಸರಿಯಿಲ್ಲ ಅಂದೆ.

ನೀವು ಆ ಮನೆ ಬಿಟ್ಟು ಬೇರೆ ಪೋಡಿನಲ್ಲಿರುವ ತಂಗಿಯ ಮನೆ ಸೇರಿದಿರಿ. ಈಗ ನಿಮ್ಮದೇ ಫೋನಿದೆ. ಎಡಗೈ ಮಾತ್ರ ತಲೆಯ ಮಟ್ಟಕ್ಕೆ ಏಳುವುದಿಲ್ಲ. ಜಡೆಯಮ್ಮನ ಜೊತೆ ಮಾತು ಬಿಟ್ಟಿರಿ. ಅದು ಸರಿಯೋ ತಪ್ಪೋ ಎಂದು ನಾವಿಬ್ಬರೂ ಎಷ್ಟು ಶುಕ್ರವಾರ ಮಾತಾಡಿದ್ದೇವೆ! ನಂಬಿದವರು ಮೋಸ ಮಾಡಿದರೆ ಮನಸ್ಸು ಹೇಗೆ ಗಟ್ಟಿ ಮಾಡಿಕೊಳ್ಳಬೇಕೆಂದು ನಿಮಗೆ ಹೇಳಿಕೊಟ್ಟವಳು ನಾನು. ನಾಚಿಕೆಗೇಡು.

ಹೋದ ತಿಂಗಳು ಕೇಳಿದಿರಿ: “ಜಡೆಯಮ್ಮ ಮಗ್ಳ ಮದ್ವೆಗೆ ಕರ್ದವ್ಳೆ ಅಕ್ಕ. ಓಗ್ಲಾ, ಬ್ಯಾಡ್ವಾ? ನೀವೇ ಯೋಳಿ.” ಆಗಲೂ ನಿಜ ಹೇಳಲಿಲ್ಲ. “ನಿಮ್ಮ ಮನಸ್ಸಿಗೆ ಬಂದ ಹಾಗೆ ಮಾಡಿ” ಎಂದೆ. ನೀವು ಹೋಗಲಿಲ್ಲ. ಅಂದಿನಿಂದ ಅನ್ನ ಸೇರುತ್ತಿಲ್ಲ ನನಗೆ. ನಿಮ್ಮ ಮುರಿದ ಕೈಯನ್ನು ನಾನು ಸರಿಮಾಡಲಾರೆ. ಇದೊಂದನ್ನಾದರೂ ಸರಿಮಾಡಬಹುದಿತ್ತು, ಒಂದೇ ಮಾತಿನಲ್ಲಿ.

ನಿನ್ನೆ ಶಾಂತಿ ಮೇಡಂಗೆ ಎಲ್ಲ ಹೇಳಿದೆ. ನಾಳೆಯಿಂದ ನಿಮ್ಮ ಕರೆ ತೆಗೆದುಕೊಳ್ಳುವವರು ಬೇರೆ, ಕನ್ನಡ ಬಲ್ಲ ಹೊಸಬರೊಬ್ಬರನ್ನು ಗೊತ್ತುಮಾಡಿದ್ದಾರೆ. ನಿಮಗೆ ಫೋನಿನಲ್ಲೇ ಹೇಳಬಹುದಿತ್ತು. ಹೇಳಿದರೆ “ಬುಡಿ ಅಕ್ಕ” ಎಂದು ನನ್ನನ್ನೇ ಸಮಾಧಾನ ಮಾಡುತ್ತೀರಿ. ಅದನ್ನು ಕೇಳುವ ಯೋಗ್ಯತೆ ನನಗಿಲ್ಲ. ನಿಮಗೆ ಓದಲು ಬಾರದು. ಅದಕ್ಕೆ ಈ ಕಾಗದವನ್ನು ಜಡೆಯಮ್ಮನ ಹೆಸರಿಗೆ ಕಳಿಸುತ್ತಿದ್ದೇನೆ.

ಜಡೆಯಮ್ಮ, ಇಲ್ಲಿಯವರೆಗೆ ಓದಿದವರು ನೀವು. ಕೇತಮ್ಮನ ಬಾಗಿಲಿಗೆ ಹೋಗುವುದೋ ಬಿಡುವುದೋ ನಿಮಗೆ ಬಿಟ್ಟಿದ್ದು. ಹೋದರೆ—ನಿಮ್ಮ ಗುಣ ನನಗೆ ಗೊತ್ತು—ನನ್ನ ಮಾನ ಉಳಿಸಲೆಂದು ಅಲ್ಲಲ್ಲಿ ಒಂದು ಸಾಲು ನುಂಗಿ ಓದುತ್ತೀರಿ. ನುಂಗಬೇಡಿ.