ಲಾಳಿ ಬರುವಷ್ಟು ಜಾಗ

ಮಾರ್ಕಂಡಿಗೆ ಕಾಲು ಆಡಿಸದೆ ಹಾಡಲು ಬರುತ್ತಿರಲಿಲ್ಲ. ಕುರ್ಚಿಯಲ್ಲಿ ಕೂರಿಸಿದರೆ ಗಂಟಲು ಕಟ್ಟುತ್ತಿತ್ತು, ನಿಲ್ಲಿಸಿದರೆ ಪದ ಮರೆತುಹೋಗುತ್ತಿತ್ತು. ಎತ್ತರದಲ್ಲಿ ಕೂತು, ಎರಡೂ ಕಾಲು ಇಳಿಬಿಟ್ಟು, ಒಂದಾದ ಮೇಲೆ ಒಂದು ತುಳಿಯುತ್ತಿದ್ದರೆ ಮಾತ್ರ ದನಿ ಹೊರಡುತ್ತಿತ್ತು. ಮೊದಲ ಸಲ ನೋಡಿದಾಗ ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದೆ. ಅವನು ಬೇಸರ ಮಾಡಿಕೊಳ್ಳಲಿಲ್ಲ.

"ಮಗ್ಗದ ಕುಣಿಯಾಗೆ ಕಾಲಿಟ್ಟು ಕಲ್ತ ಹಾಡು, ಗಿರಿಜಕ್ಕಾ. ಕಾಲು ಸುಮ್ನಿದ್ರೆ ಬಾಯಿಗೆ ಏನೂ ನೆನಪಿರಲ್ಲ" ಎಂದ.

ಅವನು ನನಗಿಂತ ದೊಡ್ಡವನೇ. ಆದರೂ ಅಕ್ಕ ಎನ್ನುತ್ತಿದ್ದ. ಮೊಳಕಾಲ್ಮೂರಿನ ರೇಷ್ಮೆ ನೇಯುವ ಮನೆಯವನಿಗೆ ಚಳ್ಳಕೆರೆಯ ಎಣ್ಣೆ ಮಿಲ್ಲಿನ ಸಾಹುಕಾರರ ಮನೆಯ ಹೆಣ್ಣುಮಕ್ಕಳೆಲ್ಲ ಅಕ್ಕಂದಿರೇ. ಆ ಮಾತು ಮೊದಮೊದಲು ನನಗೆ ಹಿತವಾಗಿತ್ತು. ಆಮೇಲಾಮೇಲೆ ಅದನ್ನು ಕೇಳಿದರೆ ಮೈ ಉರಿಯುತ್ತಿತ್ತು.

ಕ್ಯಾಸೆಟ್ಟುಗಳು ಇನ್ನೂ ಮೆರೆಯುತ್ತಿದ್ದ ಕಾಲ. ನಮ್ಮ ಚಿಕ್ಕಪ್ಪನ ಮಗ ಚಂದ್ರಣ್ಣನಿಗೆ ಶೇಂಗಾ ವ್ಯಾಪಾರ ಎಂದರೆ ಅಲರ್ಜಿ. ಮಿಲ್ಲಿನ ಹಿಂದೆ ಹಿಂಡಿ ತುಂಬುತ್ತಿದ್ದ ಗೋದಾಮನ್ನು ಖಾಲಿ ಮಾಡಿಸಿ, ಹೊರಗಿನ ಸದ್ದು ಬರಬಾರದೆಂದು ಗೋಡೆಗೆಲ್ಲ ಹಳೆಯ ಗೋಣಿಚೀಲ ಹೊಡೆಸಿ, "ಸ್ಟುಡಿಯೋ" ಎಂದು ಬೋರ್ಡು ಬರೆಸಿದ್ದ. ಒಳಗೆ ಕಾಲಿಟ್ಟರೆ ಹಿಂಡಿಯ ವಾಸನೆ, ಗೋಣಿಯ ಧೂಳು. ಹಾಡುವವರು ಮೊದಲು ನಾಲ್ಕು ಸಲ ಸೀನಿ ಆಮೇಲೆ ಶ್ರುತಿ ಹಿಡಿಯಬೇಕು. ಅಲ್ಲಿ ತಯಾರಾಗುತ್ತಿದ್ದದ್ದು ಭಕ್ತಿಗೀತೆ, ಇಲ್ಲವೇ ಅಂಗಡಿಗಳ ಜಾಹೀರಾತು. ಮಠದ ಕಾರ್ಯಕ್ರಮಗಳಲ್ಲಿ ವಚನ ಹಾಡುತ್ತಿದ್ದ ನಾನು ಅವನಿಗೆ ಪುಕ್ಕಟೆ ಗಾಯಕಿ. ಮದುವೆಯಾಗದೆ ಮನೆಯಲ್ಲಿ ಉಳಿದ ತಂಗಿ ಎಂದರೆ ಎಲ್ಲದಕ್ಕೂ ಪುಕ್ಕಟೆಯೇ ಅಲ್ಲವೇ!

ಚಂದ್ರಣ್ಣನ ತಲೆಯಲ್ಲಿದ್ದದ್ದು ಬೇರೆ. "ಪ್ರೀತಿ ಮುರಿದ ಹಾಡು ಮಾಡ್ಬೇಕು ನೋಡು ಗಿರಿಜಾ. ಜನ ಒಗ್ಗರಣೆ ಬಿಟ್ಟಾರು, ಅಳೋದು ಬಿಡಲ್ಲ" ಎನ್ನುತ್ತಿದ್ದ. ಹೆಂಡತಿಗೆ ಸೀರೆ ತರಲು ಮೊಳಕಾಲ್ಮೂರಿಗೆ ಹೋದವನು ಒಂದು ಮನೆಯ ಮುಂದೆ ನಿಂತುಬಿಟ್ಟನಂತೆ. ಒಳಗೆ ಮಗ್ಗದ ಸದ್ದು, ಅದರ ಜೊತೆಗೆ ಒಂದು ಹಾಡು. ಸೀರೆ ಮರೆತು ಮಾರ್ಕಂಡಿಯನ್ನು ಕರೆದುಕೊಂಡು ಬಂದ. ಅತ್ತಿಗೆ ಒಂದು ವಾರ ಮಾತು ಬಿಟ್ಟಳು.

ಮಾರ್ಕಂಡಿ ಎಂದರೆ ಒಣಕಲು ಆಳು. ಬಿಳಿ ಅಂಗಿಯ ತೋಳು ಮೊಣಕೈವರೆಗೆ ಮಡಚಿ, ಎಡಗಿವಿಯ ಹಿಂದೆ ಸದಾ ಒಂದು ರೇಷ್ಮೆ ಎಳೆ ಸಿಕ್ಕಿಸಿಕೊಂಡಿರುತ್ತಿದ್ದ. ಯಾಕೆಂದು ಕೇಳಿದರೆ, "ಎಲ್ಲಿ ಕಡಿತೈತೋ ಯಾರಿಗೆ ಗೊತ್ತು, ಕೈಗೆ ಸಿಗ್ಲಿ ಅಂತ" ಎನ್ನುತ್ತಿದ್ದ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಟೀ ಕೊಟ್ಟರೆ ಆರುವವರೆಗೆ ಕಾದು ಕುಡಿಯುತ್ತಿದ್ದ. ಊಟಕ್ಕೆ ಏಳೆಂದರೆ "ಈ ಸಾಲು ಮುಗೀಲಿ", ಬಸ್ಸಿಗೆ ಹೊತ್ತಾಯಿತೆಂದರೆ "ಈ ಬೀಡಿ ಮುಗೀಲಿ." ಎರಡು ಬಸ್ಸು ತಪ್ಪಿಸಿಕೊಂಡು ಮೂರನೆಯದರಲ್ಲಿ ನಗುತ್ತಾ ಹೋಗುತ್ತಿದ್ದ. ಇಂಥ ನಿಧಾನದವನನ್ನು ನಾನು ಕಂಡಿಲ್ಲ.

ಅವನಿಗೆ ಕಾಲು ಇಳಿಬಿಡಲು ಸ್ಟುಡಿಯೋದಲ್ಲಿ ಹಿಂಡಿಚೀಲಗಳನ್ನೇ ಒಟ್ಟಿ ಕಟ್ಟೆ ಮಾಡಿದೆವು. ಕೆಳಗೆ ಎರಡು ಹಲಗೆ ಇಟ್ಟೆವು. ಅವನು ಹತ್ತಿ ಕೂತು ತುಳಿದ, ಹಾಡಿದ.

ಈ ಕಡೆಯಿಂದ ಕಳಿಸಿದ ಲಾಳಿ
ಆ ಕಡೆ ಯಾರೂ ಹಿಡಿಲಿಲ್ಲ
ಹಾಸಿದ ನೂಲು ಹಾಸೇ ಐತೆ
ಹೊಕ್ಕು ಮಾತ್ರ ಹೊಗಲಿಲ್ಲ

ಪ್ರತಿ ಸಾಲಿನ ಕೊನೆಗೂ ಸುಮ್ಮನಾಗುತ್ತಿದ್ದ. ಕಾಲು ತುಳಿಯುತ್ತಲೇ ಇರುತ್ತಿತ್ತು, ಬಾಯಿ ಮಾತ್ರ ಮುಚ್ಚಿರುತ್ತಿತ್ತು. ದಾವಣಗೆರೆಯಿಂದ ಬಂದ ಕೀಬೋರ್ಡಿನವನು ಆ ಖಾಲಿ ಜಾಗದಲ್ಲಿ ಪೀಪೀ ಎಂದು ಏನೋ ನುಡಿಸಿದ. ಮಾರ್ಕಂಡಿ ಕೈ ಅಡ್ಡ ಹಿಡಿದ. "ಅಲ್ಲಿ ಏನೂ ಹಾಕ್ಬ್ಯಾಡ್ರಿ ಸಾರ್. ಅದು ಒಬ್ರ ಜಾಗ."

ಯಾರ ಜಾಗ ಎಂದು ಅವತ್ತೇ ತಿಳಿಯಿತು. ಕರೆಂಟು ಹೋಯಿತು, ಚಂದ್ರಣ್ಣ ಲೈನ್‌ಮನ್‌ನನ್ನು ಹುಡುಕಿಕೊಂಡು ಹೋದ, ನಾವಿಬ್ಬರೂ ಮಿಲ್ಲಿನ ಬಾಗಿಲಲ್ಲಿ ಕೂತೆವು. ನಾನು ಬಿಡದೆ ಕೇಳಿದೆ. ಅವನು ನಿಧಾನಕ್ಕೆ ಹೇಳಿದ.

ಅವರ ಸೀರೆಗೆ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ. ಎರಡೂ ಸರಿಯಾಗಿ ಕೂಡಬೇಕೆಂದರೆ ಮಗ್ಗಕ್ಕೆ ಇಬ್ಬರು ಬೇಕು. ನೇಯುವವನು ಕುಣಿಯಲ್ಲಿ ಕಾಲಿಟ್ಟು ಕೂತು, ಹೊಕ್ಕಿನ ಅಡ್ಡನೂಲು ತುಂಬಿದ ಲಾಳಿ ಕಳಿಸಬೇಕು. ಅವನ ಎಡಪಕ್ಕದ ಅಂಚಿನಲ್ಲಿ ಇನ್ನೊಬ್ಬರು ಕೂತು ತಮ್ಮ ಲಾಳಿ ತಿರುಗಿ ಕಳಿಸಬೇಕು. ಸಾಮಾನ್ಯವಾಗಿ ಹೆಂಡತಿಯೋ ತಾಯಿಯೋ ಕೂರುತ್ತಾರೆ. ಮಾರ್ಕಂಡಿಯ ಅವ್ವನಿಗೆ ಕಣ್ಣು ಮಂಜಾದ ಮೇಲೆ ಪಕ್ಕದ ಮನೆಯ ಸುಗುಣ ಕೂರುತ್ತಿದ್ದಳು.

"ಒಂದಿನ ಲಾಳಿ ಕೈಯಾಗೇ ಹಿಡ್ಕಂಡು ಕೂತ್ಬಿಟ್ಲು. 'ಮಾ ನಾಯನತೋ ಮಾಟ್ಲಾಡು' ಅಂದ್ಲು. ನಮ್ಮಪ್ಪನ್ ಹತ್ರ ಮಾತಾಡು ಅಂತ. ನಾನೇನಂದೆ ಗೊತ್ತೇನ್ರಿ? ಈ ಹಾಸು ಇಳೀಲಿ ಅಂದೆ."

"ಹಾಸು ಇಳಿಯೋದು ಅಂದ್ರೆ?"

"ಮಗ್ಗಕ್ಕೆ ಏರ್ಸಿದ ಉದ್ದ ನೂಲು ಮುಗಿಯೋದು. ಒಂದು ಹಾಸಿಗೆ ಮೂರು ಸೀರೆ. ಅದು ಮಗ್ಗದ ಮ್ಯಾಲೆ ಇರೋವಾಗ ಬ್ಯಾರೆ ಶುಭಕಾರ್ಯದ ಮಾತು ಎತ್ತಬಾರ್ದು ಅಂತ ನಮ್ಮ ಮನೆಯಾಗೆ. ಎಳೆ ಕಡಿತೈತೆ ಅಂತಾರೆ. ಎರಡ್ನೇ ಸೀರೆ ಇನ್ನೂ ಅರ್ಧ ಆಗಿತ್ತು. ರಾಯದುರ್ಗದೋರು ಬಂದು ಅವ್ಳಿಗೆ ಹೂ ಮುಡಿಸಿ ಹೋದ್ರು."

"ನೀನು?"

"ಮೂರ್ನೇದು ನೇಯ್ದೆ."

ನನಗೆ ಅವನ ಕಪಾಳಕ್ಕೆ ಬಿಗಿಯಬೇಕೆನ್ನಿಸಿತು. ಅಷ್ಟೇ ಆಗಿದ್ದರೆ ಹಳೆಯ ಕಥೆ ಎಂದು ಸುಮ್ಮನಾಗಬಹುದಿತ್ತು. ಆದರೆ ಸುಗುಣಳ ಗಂಡ ತೀರಿಕೊಂಡಿದ್ದ. ಅವಳೀಗ ರಾಯದುರ್ಗದಲ್ಲೇ ಹೋಗಿ ನೆಲೆಸಿದ್ದ ಅಣ್ಣನ ಮನೆ ಸೇರಿದ್ದಳು. ಆ ಅಣ್ಣ ಜರಿ ವ್ಯಾಪಾರಕ್ಕೆ ಮೊಳಕಾಲ್ಮೂರಿಗೆ ಬಂದು ಹೋಗುತ್ತಿದ್ದ, ಮಾರ್ಕಂಡಿಯ ಮನೆಯಲ್ಲೇ ನೀರು ಕುಡಿಯುತ್ತಿದ್ದ. ಮಾರ್ಕಂಡಿ ಮದುವೆಯಾಗಿರಲಿಲ್ಲ. ಅವಳು ಹೋದ ಮೇಲೆ ಎರಡು ಬಣ್ಣ ಕೂಡಿಸುವ ಸೀರೆಯನ್ನೇ ಬಿಟ್ಟು, ಒಬ್ಬನೇ ನೇಯಬಹುದಾದದ್ದನ್ನು ನೇಯ್ದುಕೊಂಡಿದ್ದ.

"ಅಲ್ಲಪ್ಪಾ ಪುಣ್ಯಾತ್ಮ, ಇಲ್ಲಿಂದ ಅಲ್ಲಿಗೆ ಒಂದು ಬಸ್ಸು. ಹೋಗಿ 'ಬರ್ತೀಯಾ' ಅಂತ ಕೇಳೋಕೆ ಏನು ರೋಗ ನಿನಗೆ?"

"ಎದುರಿಗೆ ಬಾಯಿ ಬರಲ್ಲ ಗಿರಿಜಕ್ಕಾ. ಹಾಡು ಬರ್ತೈತೆ. ಕ್ಯಾಸೆಟ್ಟು ಹೊರಗೆ ಬರ್ಲಿ. ಅವಳ ಜಾಗ ಹಂಗೇ ಬಿಟ್ಟೀನಿ ಅಂತ ಕೇಳಿದ್ ಕೂಡ್ಲೇ ಗೊತ್ತಾಗ್ತೈತೆ ಅವ್ಳಿಗೆ. ಲಾಳಿ ಎಷ್ಟೊತ್ತಿಗೆ ತಿರುಗಿ ಬರ್ಬೇಕು ಅಂತ ಅವಳ ಕೈಗೆ ಗೊತ್ತು. ಆಮೇಲೆ ಹೋಗ್ತೀನಿ."

ಕರೆಂಟು ಬಂದ ಮೇಲೆ ಚಂದ್ರಣ್ಣ ತಕರಾರು ತೆಗೆದ. "ಲೇ ಮಾರ್ಕಂಡಿ, ನಡುನಡುವೆ ಹಿಂಗೆ ಬಾಯಿ ಮುಚ್ಕಂಡ್ರೆ ಟೇಪು ಕೆಟ್ಟೈತೆ ಅಂತ ವಾಪಸ್ ತಂದು ಮುಖಕ್ಕೆ ಎಸೀತಾರೆ ಕಣಲೇ. ಒಂದು ಹೆಣ್ಣು ದನಿ ಹಾಕಾಣ." ಗಂಟೆಗಟ್ಟಲೆ ಚೌಕಾಸಿ ನಡೆಯಿತು. ಕೊನೆಗೆ ಒಂದು ಒಪ್ಪಂದ. ಕ್ಯಾಸೆಟ್ಟಿನ ಮೊದಲ ಕಡೆ ಖಾಲಿ ಜಾಗದಲ್ಲಿ ಹೆಣ್ಣುದನಿ, ಎರಡನೇ ಕಡೆ ಮಾರ್ಕಂಡಿ ಹಾಡಿದ ಹಾಗೇ, ಖಾಲಿ.

ಹೆಣ್ಣುದನಿ ನನ್ನದು. ಪದವಿರಲಿಲ್ಲ, ಬರೀ ಓಗೊಡುವುದು. ಅವನು ಹಿಂಡಿಚೀಲದ ಮೇಲೆ ಕೂತು ತುಳಿಯುತ್ತಾ ಒಂದು ಸಾಲು ಹಾಡಿ ನಿಲ್ಲಿಸುತ್ತಿದ್ದ. ನಾನು "ಓ" ಎನ್ನುತ್ತಿದ್ದೆ. ಪ್ರತಿ ಸಲ ಅವನು ನನ್ನ ಕಡೆಗಲ್ಲ, ತನ್ನ ಎಡಮಗ್ಗುಲಿನ ಗೋಣಿಗೋಡೆಯ ಕಡೆ ನೋಡುತ್ತಿದ್ದ. ನಾನು ಮಾತ್ರ ಅವನನ್ನೇ ನೋಡುತ್ತಿದ್ದೆ. ನನಗೆ ಅವನ ಮೇಲೆ ಮನಸ್ಸಾಗಿತ್ತು. ಹೇಳಿಬಿಟ್ಟೆ, ಈಗ ಯಾರಿದ್ದಾರೆ ಕೇಳಲಿಕ್ಕೆ. ಅವತ್ತು ನಾನು ಚೆನ್ನಾಗಿ ಹಾಡಿದೆ. ವಚನ ಕೂಡ ಅಷ್ಟು ಚೆನ್ನಾಗಿ ಹಾಡಿಲ್ಲ.

ಬಿಡುಗಡೆಯ ದಿನ ಚಂದ್ರಣ್ಣ ಬಸ್‌ಸ್ಟ್ಯಾಂಡಿನಲ್ಲಿದ್ದ ತನ್ನ ಕ್ಯಾಸೆಟ್ಟು ಅಂಗಡಿಯ ಮುಂದೆ ಮೈಕು ಕಟ್ಟಿಸಿ, ಕಾಯಿ ಒಡೆಸಿ, ಬಂದವರಿಗೆ ಮಂಡಕ್ಕಿ ಮಿರ್ಚಿ ಹಂಚಿಸಿದ. ಅವನ ಜಾಣತನ ಒಂದೇ: ಸುತ್ತಿನ ಬಸ್ಸುಗಳ ಡ್ರೈವರುಗಳಿಗೆಲ್ಲ ಒಂದೊಂದು ಕ್ಯಾಸೆಟ್ಟು ಪುಕ್ಕಟೆ. ಮಾರ್ಕಂಡಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ರಾಯದುರ್ಗದ ಬಸ್ಸಿನ ಡ್ರೈವರನಿಗೆ ತಾನೇ ಕೈಯಾರೆ ಕೊಟ್ಟ. "ಎರಡ್ನೇ ಕಡೆ ಹಾಕಣ್ಣ, ಮರೀಬ್ಯಾಡ" ಎಂದು ಕಿಟಕಿ ಹಿಡಿದುಕೊಂಡು ಹೇಳಿದ. ಬಸ್ಸು ಹೊರಟ ಮೇಲೂ ಅದರ ಹಿಂದೆ ನಾಲ್ಕು ಹೆಜ್ಜೆ ಓಡಿ ಮತ್ತೊಮ್ಮೆ ಕೂಗಿದ.

ಹಾಡು ಹತ್ತಿಕೊಂಡಿತು. ಅಬ್ಬಾ, ಆಟೋದಲ್ಲಿ ಅದೇ, ಹೋಟೆಲಿನಲ್ಲಿ ಅದೇ. ಅವನ ಕಾಲಿನ ತುಳಿತಕ್ಕೆ ಜನ ಕುಣಿಯತೊಡಗಿದರು. ಮದುವೆಯ ಬ್ಯಾಂಡಿನವರು ಕೂಡ ಮೆರವಣಿಗೆಯಲ್ಲಿ ಬಾರಿಸಿದರು. ಒಬ್ಬನ ಎದೆ ಒಡೆದ ಹಾಡಿಗೆ ಮದುಮಗನ ಗೆಳೆಯರು ಕರ್ಚೀಫು ಬೀಸಿ ಕುಣಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಎಲ್ಲರೂ ಕೇಳಿದ್ದು ಮೊದಲ ಕಡೆಯನ್ನು. ಎರಡನೇ ಕಡೆ ಹಾಕಿದವರು ಕ್ಯಾಸೆಟ್ಟು ಹಿಡಿದು ಅಂಗಡಿಗೆ ಬಂದರು. ಸಂತೆಯಲ್ಲಿ ಗಾಡಿಯ ಮೇಲೆ ಕ್ಯಾಸೆಟ್ಟು ಮಾರುತ್ತಿದ್ದ ಸಾಬಿ ಒಂದು ಕಟ್ಟನ್ನೇ ತಂದು ಮೇಜಿನ ಮೇಲೆ ಸುರಿದ. "ಚಂದ್ರಣ್ಣ, ಮಾಲು ಖರಾಬು ಐತೆ. ಹಾಡು ನಿಂತು ನಿಂತು ಬರ್ತೈತೆ." ಮುಂದಿನ ಕಂತಿನಲ್ಲಿ ಚಂದ್ರಣ್ಣ ಎರಡನೇ ಕಡೆಗೆ ಬೇರೆ ಹಾಡು ತುಂಬಿಸಿದ. ನಾನು ಜಗಳ ಆಡಿದೆ. ವ್ಯಾಪಾರದ ಮಾತಿಗೆ ನಮ್ಮ ಮನೆಯಲ್ಲಿ ಹೆಂಗಸರ ಜಗಳ ಯಾವತ್ತೂ ನಾಟಿದ್ದಿಲ್ಲ.

ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಮಾರ್ಕಂಡಿ ಮಿಲ್ಲಿಗೆ ಬಂದ. ನೇರ ಹಿಂಡಿಚೀಲ ಹತ್ತಿ ಕೂತ. ಕಾಲು ಆಡಿಸಲಿಲ್ಲ.

"ಸುಗುಣ ಕೇಳಿದ್ಲಂತೆ" ಎಂದ. "ಅವ್ರಣ್ಣ ಬಂದಿದ್ದ. ಬಸ್ಸಿನಾಗೆ ಕೇಳಿದ್ಲಂತೆ."

"ಯಾವ ಕಡೆ?"

"ಡ್ರೈವರು ಎರಡ್ನೇದು ಹಾಕಿದ್ನಂತ್ರಿ. ಸೀಟಿನಾಗೆ ಕೂತೋರು, ಕೆಟ್ಟೈತೆ ತಿರುವಿ ಹಾಕು ಅಂತ ಗಲಾಟೆ ಮಾಡಿದ್ರಂತೆ. ತಿರುವಿದ. ಅವ್ಳು ಹತ್ತಿದ್ದು ಆಮೇಲೆ." ಕಿವಿಯ ಹಿಂದಿನ ಎಳೆ ಮುಟ್ಟಿ ನೋಡಿಕೊಂಡ. "ನನ್ನ ದನಿ ಗುರ್ತು ಹಿಡಿದ್ಲಂತೆ. ಪಕ್ಕದ ದನಿ ಕೇಳಿ, 'ತೋಡು ದೊರಿಕಿಂದಿ ಕದಾ, ಸಂತೋಷಂ' ಅಂದ್ಲಂತೆ. ಜೊತೆ ಸಿಕ್ತಲ್ಲ, ಸಂತೋಷ ಅಂತ."

ಅಯ್ಯೋ ಶಿವನೇ, ಆ ಮಾತು ನನ್ನ ಎದೆಯಲ್ಲಿ ಎರಡು ಕಡೆ ಚುಚ್ಚಿತು. ಅವಳು ಸುಳ್ಳನ್ನು ನಿಜವೆಂದು ತಿಳಿದಳಲ್ಲ ಎಂದು ಒಂದು ಕಡೆ, ಅದು ನಿಜವಾಗಲಿಲ್ಲವಲ್ಲ ಎಂದು ಇನ್ನೊಂದು ಕಡೆ. ಸಿಟ್ಟು ಬಂತು, ಅಳುವೂ ಬಂತು.

"ಇವತ್ತೇ ರಾಯದುರ್ಗಕ್ಕೆ ಹೋಗು. ಇಲ್ಲಾಂದ್ರೆ ನಾನೇ ಹೋಗ್ತೀನಿ. ಆ ದನಿ ನಂದು, ನಾನು ಅವನಿಗೆ ಯಾರೂ ಅಲ್ಲ ಅಂತ ಹೇಳಿ ಬರ್ತೀನಿ."

"ನೀವು ಬ್ಯಾಡ್ರಿ. ಅದು ನಾನೇ ಆಡ್ಬೇಕಾದ ಮಾತು. ಮಗ್ಗದ ಮ್ಯಾಲೆ ನೂಲು ಐತೆ. ಈ ಹಾಸು ಇಳೀಲಿ, ಹೋಗ್ತೀನಿ."

ಅವನು ಹೋಗಲಿಲ್ಲ. ಒಂದು ಹಾಸು ಇಳಿಯುವಷ್ಟರಲ್ಲಿ ಇನ್ನೊಂದು ಏರುತ್ತಿತ್ತು. ಹಳೆಯದರ ತುದಿಗೇ ಹೊಸದರ ಎಳೆ ಗಂಟು ಹಾಕುವುದು ಅವರ ಪದ್ಧತಿ, ಮಗ್ಗವನ್ನು ಬರಿದು ಬಿಡುವುದಿಲ್ಲ. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಗೊತ್ತಿದ್ದರೆ ಆ ಮಧ್ಯಾಹ್ನವೇ ಅವನ ರಟ್ಟೆ ಹಿಡಿದು ಬಸ್ಸು ಹತ್ತಿಸುತ್ತಿದ್ದೆ.

ಕ್ಯಾಸೆಟ್ಟಿನ ಕಾಲ ಮುಗಿಯಿತು. ಗೋಣಿಚೀಲ ಕಿತ್ತು ಗೋದಾಮನ್ನು ಬಾಡಿಗೆಗೆ ಕೊಟ್ಟರು. ಮಾರ್ಕಂಡಿ ಈಗಿಲ್ಲ. ಮಲಗಿದಲ್ಲೇ ಹೋದನಂತೆ, ನಮಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣೂ ಆಗಿತ್ತು. ಅದಕ್ಕೆ ಒಂದು ವರ್ಷ ಮುಂಚೆ, ಚಂದ್ರಣ್ಣನ ಮಗಳ ಮದುವೆಗೆ ಸೀರೆ ತರುವ ನೆಪ ಮಾಡಿಕೊಂಡು ನಾನು ಮೊಳಕಾಲ್ಮೂರಿಗೆ ಹೋಗಿದ್ದೆ. ಅದೇ ಕೊನೆಯ ಸಲ.

ಬಿಸಿಲಲ್ಲಿ ನಡೆದು ಸುಸ್ತಾಗಿತ್ತು. ಅವನು ಕುಣಿಯಲ್ಲಿ ಕಾಲಿಟ್ಟು ಕೂತಿದ್ದ. ಕೂದಲು ಬೆಳ್ಳಗಾಗಿತ್ತು, ಕಿವಿಯ ಹಿಂದೆ ಎಳೆ ಇತ್ತು. "ಬರ್ರಿ ಗಿರಿಜಕ್ಕಾ, ಬರ್ರಿ" ಎಂದು ಮುಖ ಅರಳಿಸಿದ. ಅವನ ಎಡಮಗ್ಗುಲಿಗೆ ಒಂದು ಸಣ್ಣ ಮಣೆ ಇತ್ತು. ಧೂಳಿಲ್ಲದೆ ಒರೆಸಿಟ್ಟಿತ್ತು. ನಾನು ಏನೂ ಯೋಚಿಸದೆ ಅದರ ಮೇಲೆ ಕೂರಲು ಬಗ್ಗಿದೆ.

"ಅಲ್ಲಿ ಬ್ಯಾಡ್ರಿ!"

ಅವನು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವನಿಗೇ ನಾಚಿಕೆಯಾಯಿತು. ಕುಣಿಯಿಂದ ಎದ್ದು ಬಂದು, ಎದುರಿನ ಗೋಡೆಯ ಬುಡಕ್ಕೆ ಚಾಪೆ ಹಾಸಿ, "ಇಲ್ಲಿ ಕೂತ್ಕಳ್ರಿ, ಗಾಳಿ ಬರ್ತೈತೆ" ಎಂದ. ನಾನು ಕೂತೆ. ಚಳ್ಳಕೆರೆಯಿಂದ ರಾಯದುರ್ಗದವರೆಗೆ ಬಸ್ಸುಬಸ್ಸಿನಲ್ಲಿ ಆ ಜಾಗದಲ್ಲಿ ದನಿಯಾಗಿ ಕೂತಿದ್ದವಳು ನಾನೇ. ಆ ಮನೆಯೊಳಗೆ ಮಾತ್ರ ಅದು ನನ್ನದಲ್ಲ.

"ರಾಯದುರ್ಗಕ್ಕೆ ಹೋಗಿದ್ಯಾ?" ಎಂದು ಕೇಳಿದೆ.

ಅವನು ಮಗ್ಗದ ಮೇಲಿನ ನೂಲಿನ ಕಡೆ ಕೈ ತೋರಿಸಿ ನಕ್ಕ. ಮತ್ತೆ ಕುಣಿಗೆ ಇಳಿದು ತುಳಿಯತೊಡಗಿದ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಹಾಡು ಬಂತು. ಈ ಕಡೆಯಿಂದ ಕಳಿಸಿದ ಲಾಳಿ, ಎಂದು ನಿಲ್ಲಿಸಿ ಮಣೆಯ ಕಡೆ ತಿರುಗಿದ. ನನ್ನ ಗಂಟಲಿನವರೆಗೆ ದನಿ ಬಂದಿತ್ತು. ನುಂಗಿಕೊಂಡೆ. ಅವನ ಕಾಲು ತುಳಿಯುತ್ತಲೇ ಇತ್ತು, ಆ ಕಡೆಯಿಂದ ಯಾರೂ ಓಗೊಡಲಿಲ್ಲ, ಅವನು ಮುಂದಿನ ಸಾಲು ಹಾಡಿದ.