ಎರಡನೇ ನಂಬರಿನ ಫೋಲ್ಡರ್

ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಜನರ ಅರ್ಜಿ ತುಂಬಿಕೊಡುವುದು ನಮ್ಮೆಜಮಾನರ ಕೆಲಸ. ಅವರು ಕೊಪ್ಪಳಕ್ಕೋ ಯಲಬುರ್ಗಾಕ್ಕೋ ಹೋದ ದಿನ ಆ ಕುರ್ಚಿ ನನ್ನದು. ಒಲೆಯ ಮೇಲೆ ಬೇಳೆ ಇಟ್ಟು ಬಂದು ಕಾಗದ ಸ್ಕ್ಯಾನ್ ಮಾಡುತ್ತೇನೆ. ಒಬ್ಬೊಬ್ಬರಿಗೆ ಒಂದೊಂದು ಫೋಲ್ಡರ್ ಮಾಡಿ, ಅವತ್ತಿನವರದೆಲ್ಲ ಪರದೆಯ ಮೇಲೆ ತೆರೆದಿಟ್ಟಿರುತ್ತೇನೆ. ಆದರೂ ಸೇವ್ ಮಾಡುವಾಗ ಪ್ರತಿ ಕಾಗದಕ್ಕೂ ಮೊದಲಿನಿಂದ ದಾರಿ ತೋರಿಸಬೇಕಿತ್ತು, ಇದರೊಳಗೆ ಅದು, ಅದರೊಳಗೆ ಮತ್ತೊಂದು ಎಂದು. ನಿಧಾನ ಹೌದು. ಆದರೆ ಕಾಗದ ಎಲ್ಲಿ ಹೋಯಿತೆಂಬುದು ಕಣ್ಣೆದುರೇ ಇರುತ್ತಿತ್ತು.

ನಮ್ಮ ಜೊತೆಗೇ ಇರುವ ನನ್ನ ನಾದಿನಿ ಊರಾಚೆಯ ಕಾಲೇಜಿನ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ನನ್ನ ಪರದಾಟ ನೋಡಲಾರದೆ ಒಂದು ಭಾನುವಾರ ಕುಳಿತು ಏನೋ ಬರೆದಳು. ಅದಕ್ಕೆ ಸ್ಕ್ರಿಪ್ಟ್ ಅನ್ನುತ್ತಾರಂತೆ. ಸೇವ್ ಮಾಡುವಾಗ ಒಂದು ಗುಂಡಿ ಒತ್ತಿದರೆ ತೆರೆದಿರುವ ಫೋಲ್ಡರುಗಳ ಪಟ್ಟಿ ಬರುತ್ತದೆ, ನಾವು ತೆರೆದ ಸರದಿಯಲ್ಲೇ ಒಂದು, ಎರಡು, ಮೂರು. ನಂಬರು ಒತ್ತಿದರೆ ಕಾಗದ ನೇರ ಅದರೊಳಗೆ. ಪಟ್ಟಿಯಲ್ಲಿ ಹೆಸರುಗಳೂ ಇರುತ್ತವೆ. ಕೈಗೆ ನಂಬರು ರೂಢಿಯಾದ ಮೇಲೆ ಹೆಸರು ಓದುವವರು ಯಾರು?

ನನಗೆ ಮಾತ್ರ ಮೊದಲ ದಿನದಿಂದಲೂ ಅನುಮಾನ. ಆಧಾರ್ ಕಾರ್ಡು, ಹೆಬ್ಬೆಟ್ಟಿನ ಗುರುತು ಎಲ್ಲಾ ನಮ್ಮ ಹತ್ತಿರ ಬರುತ್ತವೆ. ಹೀಗೆ ಕಣ್ಮುಚ್ಚಿ ತೆರೆಯುವುದರೊಳಗೆ ಹೋಗುವ ಕಾಗದ ದಾರಿಯಲ್ಲಿ ಯಾರ ಮನೆ ಹೊಕ್ಕು ಬರುತ್ತದೋ ಬಲ್ಲವರಾರು? ನಡುವೆ ಎಲ್ಲಾದರೂ ನಿಂತು ಬರುತ್ತದೆಯೇ ಎಂದು ನಾದಿನಿಯನ್ನೇ ಕೇಳಿಬಿಟ್ಟೆ.

"ಅದೇನು ತಾವರಗೇರಾ ಬಸ್ಸೇನ್ರಿ ವೈನಿ, ನಿಂತು ನಿಂತು ಬರಾಕ?" ಎಂದು ನಕ್ಕಳು.

ಕೇಳಿದ್ದಕ್ಕೆ ನಕ್ಕು ಜಾರಿಕೊಳ್ಳುವವರನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಅವಳು ಕಂಪ್ಯೂಟರಿನ ಮುಂದೆ ಕುಳಿತಾಗಲೆಲ್ಲ ಏನೋ ಒಂದು ನೆಪ ಮಾಡಿಕೊಂಡು ಹಿಂದೆ ಹಾಯ್ದು ಹೋಗುತ್ತಿದ್ದೆ.

ಹಾಸ್ಟೆಲ್ ಅರ್ಜಿಯ ಕಡೆಯ ದಿನ ಬಂತು. ತಾವರಗೇರಾದಲ್ಲಿ ಹೊಲಿಗೆ ಹಾಕುವ, ಎಲ್ಲರೂ ಆಪಾ ಎಂದು ಕರೆಯುವ ಹೆಂಗಸು ಮಗಳನ್ನು ಕರೆದುಕೊಂಡು ಬೆಳಿಗ್ಗೆಯೇ ಬಂದಿದ್ದರು. ಹುಡುಗಿಗೆ ಗಂಗಾವತಿಯಲ್ಲಿ ಕಾಲೇಜು ಸಿಕ್ಕಿತ್ತು, ಇರಲು ಜಾಗ ಇರಲಿಲ್ಲ.

"ಹಾಸ್ಟೆಲ್ ಸಿಗಲಿಲ್ಲಂದ್ರ ಅವರಪ್ಪ ಕಳಸಂಗಿಲ್ರಿ ಅಕ್ಕಾ," ಎಂದರು ಆಪಾ.

ಒಂದೊಂದೇ ಕಾಗದ ಸ್ಕ್ಯಾನ್ ಮಾಡಿದೆ. ಅವಳ ಫೋಲ್ಡರ್ ಎರಡನೇ ನಂಬರು. ಅಂಕಪಟ್ಟಿಯನ್ನು ಮಾತ್ರ ಹುಡುಗಿ ಹಳೆಯ ಕಾಲೇಜಿನಿಂದ ತರಬೇಕಿತ್ತು. ಅಷ್ಟರಲ್ಲಿ ನಾನು ದೇವರ ನೈವೇದ್ಯಕ್ಕೆ ಎದ್ದು ಹೋಗಿ ಬಂದೆ. ಅವಳು ತಂದು ಕೊಟ್ಟಳು, ಸ್ಕ್ಯಾನ್ ಮಾಡಿ ಎರಡು ಒತ್ತಿದೆ. ಅರ್ಜಿ ಕಳಿಸುವ ಸರ್ವರ್ ಇನ್ನೂ ತೆರೆದಿರಲಿಲ್ಲ. ನೀವೇ ಕಳಿಸಿಬಿಡಿ, ದೇವರಿದ್ದಾನೆ ಎಂದು ಹೇಳಿ ತಾಯಿ ಮಗಳು ಮೂಲ ಅಂಕಪಟ್ಟಿಯನ್ನು ಕಾಲೇಜಿಗೆ ಕೊಡಲು ಗಂಗಾವತಿ ಬಸ್ಸು ಹತ್ತಿದರು.

ಸರ್ವರ್ ತೆರೆದಾಗ ಮೂರೂವರೆ. ಐದಕ್ಕೆ ಮುಚ್ಚುತ್ತದೆ. ಫೋಲ್ಡರಿನಲ್ಲಿ ಉಳಿದದ್ದೆಲ್ಲ ಇತ್ತು, ಅಂಕಪಟ್ಟಿ ಇಲ್ಲ. ಮೂಲವಂತೂ ಅಷ್ಟೊತ್ತಿಗೆ ಗಂಗಾವತಿಯ ಕಾಲೇಜಿನ ಕಪಾಟು ಸೇರಿರಬೇಕು. ಬಾಯಿ ಸುಮ್ಮನಿರಲಿಲ್ಲ. ಕೊಪ್ಪಳಕ್ಕೆ ಹೋಗಿದ್ದ ಎಜಮಾನರಿಗೆ ಫೋನ್ ಮಾಡಿದೆ.

"ನಿಮ್ಮ ತಂಗಿ ಬರದ ಆ ಸ್ಕ್ರಿಪ್ಟ್ ಕಾಗದ ನುಂಗೇತಿ. ಇಲ್ಲಾ ಆಕೀನ ಎಲ್ಲೆರೆ ಕಳಸ್ಯಾಳ."

ಅವರು ಹೂಂ ಎಂದು ಫೋನ್ ಇಟ್ಟರು. ಬಸವಣ್ಣನ ಹೆಸರು ಹೇಳುತ್ತಾ ಹುಡುಕಿದೆ. ಎಲ್ಲಿ ಹುಡುಕಬೇಕೆಂಬುದೇ ತಿಳಿಯಲಿಲ್ಲ.

ನಾಲ್ಕೂವರೆಗೆ ನಾದಿನಿ ಒಳಗೆ ಬಂದಳು. ದಿನಾ ಆರು ದಾಟಿಸಿ ಬರುವವಳು ಇವತ್ತೇ ಯಾಕೆ ಇಷ್ಟು ಬೇಗ ಬಂದಳು? ಅದಕ್ಕೂ ಅನುಮಾನಪಟ್ಟೆ. ಅವಳು ನೀರು ಕೂಡ ಕುಡಿಯದೆ ಕುರ್ಚಿಯಲ್ಲಿ ಕುಳಿತಳು. ಬೈಯುವಳೆಂದುಕೊಂಡರೆ ಮೆತ್ತಗೆ ಕೇಳಿದಳು:

"ವೈನಿ, ನೈವೇದ್ಯಕ್ಕ ಎದ್ದಾಗ ಎಲ್ಲಾ ಮುಚ್ಚಿದ್ರೇನು?"

ಮುಚ್ಚದೆ ಏಳುವುದುಂಟೇ? ಪುಸ್ತಕ ತೆರೆದಿಟ್ಟು ಎದ್ದರೆ ವಿದ್ಯೆಗೆ ಅವಮಾನ ಎಂದು ನಮ್ಮವ್ವ ಹೇಳಿಕೊಟ್ಟದ್ದು. ಫೋಲ್ಡರಿನಲ್ಲಿ ಇರುವುದೂ ಜನರ ವಿದ್ಯೆಯೇ ಅಲ್ಲವೇ? ಪ್ರತಿಯೊಂದನ್ನೂ ಮುಚ್ಚಿ, ಕೈ ಮುಗಿದು ಎದ್ದಿದ್ದೆ. ಬಂದು ಮತ್ತೆ ತೆರೆಯುವಾಗ ಸರದಿ ಬದಲಾಗಿತ್ತು. ಈಗ ಎರಡನೆಯದು ಪಿಂಚಣಿಗೆ ಅರ್ಜಿ ಹಾಕಿದ್ದ ಕಿನ್ನಾಳದ ಅಜ್ಜನದು. ಅಲ್ಲಿಯೇ ಇತ್ತು ಹುಡುಗಿಯ ಅಂಕಪಟ್ಟಿ, ಅಜ್ಜನ ಹೆಬ್ಬೆಟ್ಟಿನ ಕಾಗದದ ಪಕ್ಕದಲ್ಲಿ.

ನಾದಿನಿ ಅದನ್ನು ಅರ್ಜಿಗೆ ಸೇರಿಸಿ ಕಳಿಸಿದಳು. ಸ್ವೀಕೃತಿ ಚೀಟಿ ಬಂದಾಗ ಐದಕ್ಕೆ ಎಂಟು ನಿಮಿಷ ಇತ್ತು.

ಹೇಳದೆ ಇದ್ದರೆ ದೇವರ ಮುಂದೆ ನಿಲ್ಲಲಾರೆ ಅನ್ನಿಸಿತು. ನಿನ್ನ ಮೇಲೆ ಸಂಶಯಪಟ್ಟು ನಿಮ್ಮಣ್ಣನಿಗೆ ಹೇಳಿಬಿಟ್ಟೆ ಎಂದೆ.

"ಗೊತ್ತೈತ್ರಿ. ಅಣ್ಣ ಫೋನ್ ಹಚ್ಚಿ ಕಾಗದ ಎಲ್ಲೈತಿ ಅಂತ ಬೈದ. ಅದಕ್ಕ ರಜಾ ಹೇಳಿ ಓಡಿ ಬಂದೆ."

ಅವತ್ತು ಸಂಜೆ ದೀಪ ಹಚ್ಚಿ ದೇವರ ಉಪಕಾರಗಳನ್ನು ಎಣಿಸಿದೆ. ಸರ್ವರ್ ತೆರೆದದ್ದು ಒಂದು. ನಾದಿನಿ ವೇಳೆಗೆ ಬಂದದ್ದು ಇನ್ನೊಂದು. ಆದರೆ ಅವಳು ಬಂದದ್ದು ನಾನು ಅವಳನ್ನು ಕಳ್ಳಿ ಎಂದುಕೊಂಡದ್ದರಿಂದ. ನಾನು ಒಳ್ಳೆಯವಳಂತೆ ಸುಮ್ಮನೆ ಕುಳಿತಿದ್ದರೆ ಅವಳು ಆರು ದಾಟಿಸಿಯೇ ಬರುತ್ತಿದ್ದಳು, ಹುಡುಗಿ ಮನೆಯಲ್ಲಿ ಉಳಿಯುತ್ತಿದ್ದಳು. ಇದನ್ನು ಯಾವ ಲೆಕ್ಕಕ್ಕೆ ಹಾಕಲಿ ಎಂದು ತಿಳಿಯದೆ ಹಾಗೆಯೇ ಬಿಟ್ಟೆ.

ಹುಡುಗಿಗೆ ಹಾಸ್ಟೆಲ್ ಸಿಕ್ಕಿತು. ಈಗಲೂ ನಾನು ಸೇವ್ ಮಾಡಿದ ಮೇಲೆ ಪ್ರತಿ ಫೋಲ್ಡರಿನೊಳಗೆ ಇಣುಕಿ ನೋಡುತ್ತೇನೆ. ನಾದಿನಿ ನೋಡಿಯೂ ನೋಡದಂತೆ ಹೋಗುತ್ತಾಳೆ. ಈಗ ನನಗೆ ಸಂಶಯ ಇರುವುದು ನನ್ನ ಕೈಯ ಮೇಲೆ ಎಂದು ಅವಳಿಗೆ ಹೇಳಬೇಕು. ಇನ್ನೂ ಹೇಳಿಲ್ಲ.