ಹಗುರ ಫ್ರೇಮೇ ಸಾಕು ಎಂದ ಚೆಂಗಪ್ಪ

ಹಗುರದ್ದೇ ಸಾಕು ಎಂದುಬಿಟ್ಟನಲ್ಲ, ಯಾಕೆ? ಮಗಳು ಜಾಹ್ನವಿಯನ್ನು ನರ್ಸರಿಗೆ ಬಿಡುವಾಗಲೂ, ಲಂಡನ್ನಿನ ಹೌನ್ಸ್ಲೋ ಹೈಸ್ಟ್ರೀಟಿನಲ್ಲಿ ಕೊತ್ತಂಬರಿ ಸೊಪ್ಪು ಆರಿಸುವಾಗಲೂ ಶರಣ್ಯಾಳ ತಲೆಯೊಳಗೆ ಇದೊಂದೇ ಕೊರೆತ. ಗಂಡ ಚೆಂಗಪ್ಪ ಬೆಳಿಗ್ಗೆ ದೋಸೆ ಮುರಿಯುತ್ತ, ತಲೆ ಎತ್ತದೆ ಆಡಿದ ಮಾತು. ಬೇರೆ ಹೆಂಗಸಾಗಿದ್ದರೆ ಅದನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಶರಣ್ಯಾಗೆ ಅದರ ಅರ್ಥ ಗೊತ್ತಿತ್ತು, ಕಲಿಸಿದವನೇ ಅವನು.

ಚೆಂಗಪ್ಪ ವಿರಾಜಪೇಟೆ ಕಡೆಯ ಕೊಡವ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದವನು. ಹೀಥ್ರೂ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿ ಲಂಡನ್ನಿಗೆ ಬಂದ ಮೇಲೂ ಆ ಚಟ ಬಿಡಲಿಲ್ಲ. ಸರ್ರೆಯ ಶೂಟಿಂಗ್ ಕ್ಲಬ್ಬೊಂದನ್ನು ಸೇರಿದ. ಅಲ್ಲಿನ ಮುದುಕರು ‘ಚೆಂಗ್’ ಎಂದು ಕರೆದು ಚೀನಾದಲ್ಲಿ ಯಾವೂರು ಎಂದು ಕೇಳುತ್ತಿದ್ದರಂತೆ.

“ಕೊಡಗು ಅಂದೆ. ಅದು ಬೀಜಿಂಗಿಗೆ ಹತ್ತಿರಾನಾ ಅಂತಾರೆ ಕಣೇ!” ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆಗ ನಗುತ್ತಿದ್ದ.

ಈ ದೇಶದಲ್ಲಿ ಗಿಡ್ಡ ರಿವಾಲ್ವರ್ ಇಟ್ಟುಕೊಳ್ಳುವಂತಿಲ್ಲ. ಉದ್ದ ನಳಿಗೆಯ, ಹಿಡಿಯ ಹಿಂದೆ ಕಂಬಿ ಚಾಚಿಕೊಂಡ ಒಂದು ವಿಚಿತ್ರ ರಿವಾಲ್ವರಿಗೆ ಪೊಲೀಸರು ಸರ್ಟಿಫಿಕೇಟ್ ಕೊಡುತ್ತಾರೆ. ಚೆಂಗಪ್ಪನಿಗೆ ಅದೇ ಬೇಕು, ಅದೂ ಫಾರ್ಟಿಫೋರ್ ಮ್ಯಾಗ್ನಮ್ ಎಂಬ ದಪ್ಪ ತೋಟಾ ಹಾರಿಸುವಂಥದ್ದು. ಯಾವ ಫ್ರೇಮಿನದು, ಅಂದರೆ ಸಿಲಿಂಡರು ಕೂರುವ ಉಕ್ಕಿನ ಚೌಕಟ್ಟು ಹಗುರವಿರುವುದೋ ಭಾರವಿರುವುದೋ, ಯಾವುದನ್ನು ಕೊಳ್ಳಬೇಕೆಂಬುದೇ ಊಟದ ಮೇಜಿನ ಮೇಲಿನ ಚರ್ಚೆ.

“ತೋಟಾ ಒಂದೇ ಕಣೇ. ಫ್ರೇಮ್ ಹಗುರ ಇದ್ರೆ ಅದರ ಒದೆತ ಎಲ್ಲಾ ಮಣಿಕಟ್ಟಿಗೇ ಬರುತ್ತೆ. ಭಾರದ ಫ್ರೇಮ್ ಅರ್ಧ ತಾನೇ ನುಂಗ್ಕೊಳ್ಳುತ್ತೆ. ಹಗುರದ್ರಲ್ಲಿ ಇಂಥ ತೋಟಾ ಹಾರಿಸ್ತಾ ಹೋದ್ರೆ ಬರ್ತಾ ಬರ್ತಾ ಸಿಲಿಂಡರ್ ಲೊಡಲೊಡ ಅನ್ನುತ್ತೆ, ಮೇಲಿನ ಪಟ್ಟಿ ಸವೆಯುತ್ತೆ. ದೊಡ್ಡದು ತಗೊಂಡ್ರೆ ಜಾನೂ ಮದುವೆವರೆಗೂ ಬರುತ್ತೆ.”

“ಮದುವೆಗೆ ಅದನ್ನೇ ಕೊಟ್ಟುಬಿಡು, ಒಡವೆ ಯಾಕೆ?” ಎಂದು ಶರಣ್ಯಾ ಮೂತಿ ತಿರುವುತ್ತಿದ್ದಳು.

“ಬಿಗ್ ವನ್, ಅಪ್ಪಾ!” ಎಂದು ಜಾಹ್ನವಿ ಕ್ಯಾಟಲಾಗಿನ ಚಿತ್ರದ ಮೇಲೆ ಮೊಸರನ್ನದ ಬೆರಳು ಒತ್ತುತ್ತಿದ್ದಳು.

ಕಳೆದ ಚಳಿಗಾಲದಲ್ಲಿ ಅವನ ತಂದೆ ತೀರಿಕೊಂಡರು. ವೀಸಾ ನವೀಕರಣದ ಅರ್ಜಿ ಇನ್ನೂ ತೀರ್ಮಾನವಾಗಿರಲಿಲ್ಲ. ಈಗ ದೇಶ ಬಿಟ್ಟರೆ ಅದು ರದ್ದಾದಂತೆ. ಚೆಂಗಪ್ಪ ಹೋಗಲಿಲ್ಲ. ಸಾವಿನ ಸುದ್ದಿ ಸಾರಲು ಕೊಡವರು ಹಾರಿಸುವ ಜೋಡಿ ಗುಂಡನ್ನು ಊರಿನಲ್ಲಿ ದಾಯಾದಿಯೊಬ್ಬ ಹಾರಿಸಿದ. ಅದರ ಸದ್ದನ್ನು ಇವನು ಹೌನ್ಸ್ಲೋದ ಫ್ಲ್ಯಾಟಿನಲ್ಲಿ, ಮಾಡು ಸವರಿಕೊಂಡು ಹೋಗುವ ವಿಮಾನಗಳ ಅಬ್ಬರದ ನಡುವೆ, ಫೋನಿನಲ್ಲಿ ಕೇಳಿಸಿಕೊಂಡ.

ಆಮೇಲೆ ಅವನ ನಿದ್ದೆ ಹೋಯಿತು. ಸ್ನಾನ ಮಾಡು ಎಂದು ಹೇಳಬೇಕಾಗುತ್ತಿತ್ತು. “ನಾನಿಲ್ಲದಿದ್ರೆ ನೀವಿಬ್ರೂ ಆರಾಮಾಗಿರ್ತೀರ” ಎಂದು ಒಂದು ಸಲ, ಪಾತ್ರೆ ಒರೆಸುತ್ತ, ಹವಾಮಾನದ ಮಾತಾಡಿದಂತೆ ಹೇಳಿದ. ಶರಣ್ಯಾ ಹೆದರಿ, ಜೀಪಿ ಎಂಬ ಬಡಾವಣೆಯ ಸರಕಾರಿ ಡಾಕ್ಟರ ಬಳಿ ಹೋಗುವ ಮೊದಲು, ಕನ್ನಡ ಕೂಟದಲ್ಲಿ ಪರಿಚಯವಾಗಿದ್ದ ಧಾರವಾಡದ ಡಾಕ್ಟರ್ ಜಗದೇವಪ್ಪನವರನ್ನು ಮನೆಗೆ ಕರೆದಳು. ಅವರು ಮೂಳೆ ಡಾಕ್ಟರು. ಆದರೂ ನಮ್ಮವರು.

“ಜೀಪಿ ಹತ್ರ ಹೋಗಬ್ಯಾಡ್ರಿ,” ಎಂದರು ಅವರು, ಚಹಾ ಕುಡಿಯುತ್ತ. “ಇದು ಅವರ ಕಂಪ್ಯೂಟರ್‌ನ್ಯಾಗ ದಾಖಲಾಗಿ ಕುಂತ್ರ ಮುಂದ ವೀಸಾಕ್ಕ ತ್ರಾಸ. ತಮ್ಮಾ, ಮುಂಜಾನೆ ಎದ್ದು ಒಂದಿಷ್ಟು ಅಡ್ಡಾಡು. ಆ ಬಂದೂಕಿನ ಕ್ಲಬ್ ಅದ ಅಲ್ಲ, ಅದನ್ನ ಬಿಡಬ್ಯಾಡ.”

ವೀಸಾಕ್ಕೆ ತ್ರಾಸವಾಗುವುದು ನಿಜವೇ ಎಂದು ಯಾರೂ ವಿಚಾರಿಸಲಿಲ್ಲ. ಹೊರಗಿನವರಿಗೆ ತಿಳಿಯದಂತೆ ಮನೆಯೊಳಗೇ ಮುಗಿಯಿತಲ್ಲ ಎಂದು ಎಲ್ಲರಿಗೂ ನೆಮ್ಮದಿ. ಹಾಗಾಗಿ ಸರ್ಟಿಫಿಕೇಟಿಗೆ ಅರ್ಜಿ ಹಾಕಿದಾಗ, ಇವನಿಗೆ ಯಾವ ಕಾಯಿಲೆಯೂ ಇಲ್ಲವೆಂದು ಜೀಪಿ ಬರೆದುಕೊಟ್ಟರು. ಅವರ ದಾಖಲೆಯಲ್ಲಿ ಇದ್ದದ್ದೇ ಅಷ್ಟು. ಪೊಲೀಸ್ ಕಡೆಯಿಂದ ಬಂದ ಅಧಿಕಾರಿ ಕೋವಿ ಇಡಲೆಂದು ಗೋಡೆಗೆ ಬಿಗಿದ ಉಕ್ಕಿನ ಪೆಟ್ಟಿಗೆಯನ್ನು ಎಳೆದು ನೋಡಿ, ಶರಣ್ಯಾಳ ಕಡೆ ತಿರುಗಿ, ನಿಮಗೇನಾದರೂ ಆತಂಕವಿದೆಯೇ ಎಂದು ಕೇಳಿದ. ಬಂದವರ ಮುಂದೆ ಮನೆಯ ಮಾತು ಆಡಿ ಅಭ್ಯಾಸವಿಲ್ಲದವಳು, ಇಲ್ಲ ಎಂದು ಬಿಸ್ಕತ್ತಿನ ತಟ್ಟೆ ಮುಂದಿಟ್ಟಳು. ಅವನನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು ಆ ರಿವಾಲ್ವರಿನ ಆಸೆಯೊಂದೇ ಎಂದೂ ಅವಳಿಗೆ ಅನಿಸಿತ್ತು.

ಇವತ್ತು ಬೆಳಿಗ್ಗೆ ಅವನು ಹೇಳಿದ್ದು ಇಷ್ಟು. “ಸರ್ಟಿಫಿಕೇಟ್ ಈ ವಾರ ಬರಬಹುದು. ದೊಡ್ಡ ಫ್ರೇಮ್ ಬೇಡ. ಹಗುರದ್ದೇ ಸಾಕು.”

“ಹಾಳಾಗುತ್ತೆ ಅಂತಿದ್ದೆ?”

“ಹಾಳಾಗೋಷ್ಟು ಎಲ್ಲಿ ಹಾರಿಸ್ತೀನಿ, ಬಿಡು.”

ಅಂದವನು ಜಾಹ್ನವಿಯ ಕೆನ್ನೆ ಸವರಿ, ಊಟದ ಡಬ್ಬಿಯನ್ನು ಮೇಜಿನ ಮೇಲೇ ಬಿಟ್ಟು ಹೊರಟುಹೋದ.

ಮನೆಗೆ ಬಂದು, ಕೊತ್ತಂಬರಿ ಸೊಪ್ಪನ್ನು ಸಿಂಕಿನಲ್ಲಿ ಹಾಗೇ ಬಿಟ್ಟು ಶರಣ್ಯಾ ಕುರ್ಚಿಯಲ್ಲಿ ಕೂತಳು. ವರ್ಷಗಟ್ಟಲೆ ಹಾರಿಸುವವನಿಗೆ ತಾನೇ ಭಾರದ ಫ್ರೇಮು ಬೇಕಾಗುವುದು. ಪೊಲೀಸರಿಗೆ ಹೇಳಿದರೆ, ಯಾರು ಹೇಳಿದರೆಂದು ಅವನಿಗೆ ತಿಳಿದೇ ತಿಳಿಯುತ್ತದೆ. ಕ್ಲಬ್ಬೂ ಹೋಗುತ್ತದೆ, ಕೋವಿ ಮುಟ್ಟಲಾಗದ ಕೊಡವನಾಗಿ ಈ ಫ್ಲ್ಯಾಟಿನಲ್ಲಿ ಗೋಡೆ ನೋಡುತ್ತ ಕೂರುತ್ತಾನೆ. ಮತ್ತೆ ತನ್ನ ಮುಖ ನೋಡುತ್ತಾನೋ ಇಲ್ಲವೋ. ಹೇಳದಿದ್ದರೆ? ಅದರಾಚೆಗೆ ಯೋಚನೆ ಹೋಗಲೊಲ್ಲದು.

ಅಧಿಕಾರಿ ಬಿಟ್ಟುಹೋಗಿದ್ದ ನಂಬರಿಗೆ ಫೋನ್ ಮಾಡಿದಳು. ಎತ್ತಿಕೊಂಡವಳು ಒಬ್ಬ ಹೆಂಗಸು. ಹೆಸರು, ವಿಳಾಸ ಕೇಳಿ, ಏನು ವಿಷಯ ಎಂದಳು.

“ನನ್ನ ಗಂಡನಿಗೆ ಸರ್ಟಿಫಿಕೇಟ್ ಕೊಡಬೇಡಿ,” ಎಂದಳು ಶರಣ್ಯಾ. ಯಾಕೆಂದು ಕೇಳಿದ್ದಕ್ಕೆ ಎಲ್ಲವನ್ನೂ ಹಿಂದುಮುಂದಾಗಿ ಹೇಳಿದಳು: ಫೋನಿನಲ್ಲಿ ಕೇಳಿದ ಗುಂಡಿನ ಸದ್ದು, ಹೋದ ನಿದ್ದೆ, ಪಾತ್ರೆ ಒರೆಸುತ್ತ ಆಡಿದ ಮಾತು, ಹಗುರ ಫ್ರೇಮು. ಆ ಹೆಂಗಸು ಬರೆದುಕೊಂಡಳು.

“ನೀವು ಫೋನ್ ಮಾಡಿರೋದು ಅವರಿಗೆ ಗೊತ್ತಾ?”

“ಇಲ್ಲ.”

“ಈಗ ಅವರೆಲ್ಲಿದ್ದಾರೆ?”

“ಆಫೀಸಿನಲ್ಲಿ,” ಎಂದಳು ಶರಣ್ಯಾ. ಮೇಜಿನ ಮೇಲಿನ ಊಟದ ಡಬ್ಬಿ ಕಣ್ಣಿಗೆ ಬಿದ್ದು, “ಹಾಗಂತ ಅಂದ್ಕೊಂಡಿದ್ದೀನಿ,” ಎಂದಳು.